ಹಯಾತ್ ಸಾಬರ ಬಿಳಿ ಬೂದಿ ಮತ್ತು ಒಂದು ಹಿಡಿ ಉಪ್ಪು

ಬೆಳಗಿನ ಐದೂಮುಕ್ಕಾಲು. ದಾವಣಗೆರೆಯಿಂದ ಬಂದ ಮೊದಲ ಬಸ್ಸು ಹರಿಹರದಲ್ಲಿ ಗಂಡ ಹೆಂಡತಿ ಇಬ್ಬರನ್ನು ಇಳಿಸಿ ಹೋಗುತ್ತದೆ. ಹೊಳೆ ಕಡೆಯಿಂದ ಬೀಸುವ ತಣ್ಣನೆ ಗಾಳಿಗೆ ಕಿವಿ ಮುಚ್ಚಿಕೊಂಡು ಇಬ್ಬರೂ ಬಣ್ಣದ ಶೆಡ್ಡಿನತ್ತ ನಡೆಯುತ್ತಾರೆ. ಹೆಂಡತಿ ಫಕ್ರುನ್ನೀಸಾ ಮುಂಬಾಗಿಲಿನಿಂದ ಒಳಗೆ ಹೋಗುತ್ತಾರೆ. ಗಂಡ ಹಯಾತ್ ಸಾಬ್ ಹಿತ್ತಲಿಗೆ ಸುತ್ತಿಹೋಗಿ, ಎದೆಮಟ್ಟದ ಮಣ್ಣಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರುತ್ತಾರೆ. ಭತ್ತದ ಹೊಟ್ಟು ಮೊದಲು ಮುನಿಸಿಕೊಂಡಂತೆ ಹೊಗೆಯಾಡಿ, ಆಮೇಲೆ ಒಳಗೊಳಗೇ ಕೆಂಪಗಾಗುತ್ತದೆ. ಆಗ ಅವರ ಬಲಗೈ ತಾನಾಗಿಯೇ ಅಂಗಿಯ ಜೇಬಿಗೆ ಹೋಗುತ್ತದೆ. ಜೇಬು ಖಾಲಿ. ಕೈ ಸುಮ್ಮನೆ ವಾಪಸು ಬರುತ್ತದೆ.

"ಮೂವತ್ತೊಂದು ವರ್ಷದ ಚಟ ನೋಡ್ರಿ," ಎಂದು ಅವರು ನಗುತ್ತಾರೆ. "ತಲೆಗೆ ಗೊತ್ತಾಗೈತೆ, ಕೈಗೆ ಇನ್ನೂ ಗೊತ್ತಾಗಿಲ್ಲ."

ಅಜ್ಜಿಯರು ಹೇಳುವ ಕತೆಯಲ್ಲಿ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಳಿಯೊಂದರಲ್ಲಿ ಇರುತ್ತದಲ್ಲ, ಹಾಗೆ ಕಳೆದ ಚಳಿಗಾಲದಲ್ಲಿ ಈ ಶೆಡ್ಡಿನ ಒಂಬತ್ತು ಜನರ ಕೆಲಸದ ಪ್ರಾಣ ಆ ಜೇಬಿನಲ್ಲಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ಜೇಬಿನ ಯಜಮಾನರಿಗೂ.

ಶೆಡ್ಡು ವಾಮದೇವಪ್ಪ ಅವರದು. ಎತ್ತಿನ ಕೊಂಬಿನ ಕುಚ್ಚು, ಬಾಗಿಲ ತೋರಣ, ಲಾರಿಯ ಕನ್ನಡಿಗೆ ಕಟ್ಟುವ ಗೊಂಡೆ, ಇವುಗಳಿಗೆಲ್ಲ ಬೇಕಾದ ಉಣ್ಣೆಯಂಥ ದಾರಕ್ಕೆ ಇಲ್ಲಿ ಬಣ್ಣ ಕಟ್ಟುತ್ತಾರೆ. ಹೆಚ್ಚಿನದು ನೀಲಿ. ದಾರ ಕುಡಿದು ಬಿಟ್ಟ ಬಣ್ಣ ನೀರಿನಲ್ಲಿ ಉಳಿಯುತ್ತದೆ, ದಿನಕ್ಕೆ ಸಾವಿರದ ಇನ್ನೂರು ಲೀಟರ್. ಒಂದು ಹನಿ ಬಿದ್ದರೆ ಒಂದು ಬಕೆಟ್ ನೀಲಿಯಾಗುವಂಥ ಮೊಂಡು ಬಣ್ಣ ಅದು. ಅದನ್ನು ಹಾಗೇ ಚರಂಡಿಗೆ ಬಿಡುವಂತಿಲ್ಲ. ಚರಂಡಿ ಕೊನೆಗೆ ಹೋಗುವುದು ಹೊಳೆಗೇ.

ಬಣ್ಣ ಹಿಡಿಯುವ ಉಪಾಯ ಹುಡುಕಿದವರು ಮೀನಾಕ್ಷಿ, ದಾವಣಗೆರೆಯ ಕಾಲೇಜೊಂದರ ಸಂಶೋಧನಾ ವಿದ್ಯಾರ್ಥಿನಿ. ಭತ್ತದ ಹೊಟ್ಟನ್ನು ತೆಳು ಆಮ್ಲದಲ್ಲಿ ತೊಳೆದು, ಒಣಗಿಸಿ, ನಿಧಾನದ ಶಾಖದಲ್ಲಿ ಸುಟ್ಟರೆ ಹಾಲಿನಂಥ ಬಿಳಿ ಬೂದಿ ಬರುತ್ತದೆ. ಅದರ ಕಣಕಣದಲ್ಲೂ ನ್ಯಾನೋ ಅಳತೆಯ ಗೂಡುಗಳು. ಕೂದಲೆಳೆಯೊಂದನ್ನು ಹತ್ತಾರು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ಸಣ್ಣದಿರುತ್ತದೋ ಅಷ್ಟು ಸಣ್ಣವು. ಒಂದು ಚಿಟಿಕೆ ಬೂದಿಯ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಒಂದು ಕಬಡ್ಡಿ ಅಂಕಣ ಮುಚ್ಚುತ್ತದಂತೆ. ಬೂದಿಯನ್ನು ನೀರಿಗೆ ಹಾಕಿ ಕಲಕಿದರೆ ಬಣ್ಣ ಆ ಗೋಡೆಗಳಿಗೆ ಅಂಟಿಕೊಂಡು, ಬೂದಿಯ ಜೊತೆಗೇ ತಳಕ್ಕೆ ಇಳಿಯುತ್ತದೆ.

ಕಾಲೇಜಿನ ಪುಟ್ಟ ಕುಲುಮೆಯಲ್ಲಿ ಈ ಬೂದಿ ಚಮಚದ ಲೆಕ್ಕದಲ್ಲಿ ಬರುತ್ತಿತ್ತು. ಶೆಡ್ಡಿಗೆ ಬೇಕಾದದ್ದು ದಿನಕ್ಕೆ ಎಂಟು ಕಿಲೋ. ಅಷ್ಟು ಹೊಟ್ಟನ್ನು ಹದ ತಪ್ಪದೆ ಸುಡುವವರು ಯಾರು? ಮೀನಾಕ್ಷಿ ನೆಟ್ಟಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋದರು. ಹೊಟ್ಟಿನ ಬೆಂಕಿ ಬಲ್ಲವರು ಅಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ಎಲ್ಲರೂ ಊರಂಚಿನ ಆನೆಕೊಂಡದಲ್ಲಿದ್ದ ಹಯಾತ್ ಸಾಬರ ಮನೆಯ ಕಡೆ ಬೆರಳು ತೋರಿಸಿದರು.

ಹಯಾತ್ ಸಾಬ್ ಆಗ ಭಟ್ಟಿ ಬಿಟ್ಟು ಎರಡು ವರ್ಷವಾಗಿತ್ತು. ಹೊಗೆ ಕುಡಿದೂ ಕುಡಿದೂ ಎದೆ ಸೋತಿತ್ತು. ಮಾಡಿನ ಕೆಳಗೆ ಕೂತು, ಹರಿಹರಕ್ಕೆ ದುಡಿಯಲು ಹೋಗುವ ಹೆಂಡತಿಯ ದಾರಿ ಕಾಯುವುದಷ್ಟೇ ಅವರ ದಿನಚರಿ.

"ಈ ಹುಡುಗಿ ಬಂದು, ಚಾಚಾ, ಬೂದಿ ಮಾಡಿಕೊಡ್ರಿ ಅಂತು. ನಾನಂದೆ, ತಾಯಿ, ಮೂವತ್ತು ವರ್ಷ ಬೂದಿ ಬಳಿದು ತಿಪ್ಪೆಗೆ ಹಾಕೀನಿ, ಈಗ ಬೂದಿ ಬೇಕು ಅಂತ ಬಂದೀಯಲ್ಲ!"

ಶೆಡ್ಡಿನ ಹಿಂದೆ ಅವರೇ ಒಲೆ ಕಟ್ಟಿದರು, ಹೊಗೆ ಮೇಲೆ ಹೋಗಲು ಉದ್ದನೆಯ ಕೊಳವೆ ಇಟ್ಟು. ಬೆಳಿಗ್ಗೆ ನಲವತ್ತು ಕಿಲೋ ಹೊಟ್ಟು ತುಂಬಿದರೆ ಮಧ್ಯಾಹ್ನಕ್ಕೆ ಎಂಟು ಕಿಲೋ ಬಿಳಿ ಬೂದಿ. ಶಾಖ ಅಳೆಯುವ ಯಂತ್ರ ಪಕ್ಕದಲ್ಲೇ ಇದೆ, ಆದರೆ ಅವರು ನೋಡುವುದು ಕೆಂಡದ ಬಣ್ಣ. ಯಂತ್ರ ಹೇಳುವ ಮೊದಲೇ ಗಾಳಿಕಂಡಿ ಮುಚ್ಚುತ್ತಾರೆ. ಬಣ್ಣ ಕುಡಿದು ನೀಲಿಯಾದ ಬೂದಿಯನ್ನು ಮತ್ತೆ ಸುಟ್ಟು ಬಿಳಿ ಮಾಡಿ, ಮೂರು ಸಲ ಬಳಸುತ್ತಾರೆ.

ಮೊದಲ ತಿಂಗಳು ಎಲ್ಲವೂ ಚೆಂದ. ನೀಲಿ ಡ್ರಮ್ಮು ತಿಳಿಯಾಗುವುದನ್ನು ನೋಡಲು ಅಕ್ಕಪಕ್ಕದ ಶೆಡ್ಡಿನವರು ಬಂದರು, ಕಾಲೇಜಿನ ಪ್ರಾಧ್ಯಾಪಕರು ಬಂದರು. "ಏನ್ ಸಾಬ್ರೆ, ನಿಮ್ಮ ಕೈಯಾಗ ಜಾದೂ ಐತಲ್ರಿ!" ಎಂದು ಬಾಯಿತುಂಬ ಹೊಗಳಿದರು.

ಕೆಡುಕಾದದ್ದು ಅಲ್ಲಿಂದಲೇ. ತಪಾಸಣೆಯ ಅಧಿಕಾರಿ ಬಂದ ದಿನ ಡ್ರಮ್ಮಿನ ನೀರು ತಿಳಿಯಾಗಲೇ ಇಲ್ಲ. ಸೀಸೆಯಲ್ಲಿ ತುಂಬಿಕೊಂಡು ಹೋದ ನೀರು ಪರೀಕ್ಷೆಯಲ್ಲಿ ಸೋತಿತು. ಹದಿನೈದು ದಿನದಲ್ಲಿ ಸರಿಪಡಿಸದಿದ್ದರೆ ಶೆಡ್ಡಿಗೆ ಬೀಗ ಎಂದು ನೋಟಿಸು ಬಂತು. ಫಕ್ರುನ್ನೀಸಾ ಸೇರಿ ಒಂಬತ್ತು ಜನ ಕೈಯಲ್ಲಿ ದಾರ ಹಿಡಿದುಕೊಂಡೇ ನಿಂತುಬಿಟ್ಟರು.

ಮೀನಾಕ್ಷಿ ಆಮ್ಲ ಪರೀಕ್ಷಿಸಿದರು, ಶಾಖ ನೋಡಿದರು, ಹೊಟ್ಟು ತರುವ ಗಿರಣಿಯನ್ನೇ ಬದಲಿಸಿದರು. ಬೂದಿ ಮಾತ್ರ ಗಾಜಿನ ಹರಳಿನಂತೆ ಗಂಟುಗಂಟಾಗಿ ಬರುತ್ತಲೇ ಇತ್ತು. ಗೂಡುಗಳೆಲ್ಲ ಕರಗಿ ಬಾಗಿಲು ಮುಚ್ಚಿಕೊಂಡಂತೆ. "ಚಾಚಾ, ಹೊಟ್ಟಿನ ಜೊತೆ ಬೇರೆ ಏನಾದರೂ ಬೀಳ್ತೈತಾ?" ಎಂದು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಹಯಾತ್ ಸಾಬ್ ಒಲೆಯ ಮೇಲೆ ಕೈಯಿಟ್ಟು ಹೇಳಿದರು, "ಏನೂ ಇಲ್ಲ ತಾಯಿ."

ಒಂಬತ್ತನೆಯ ದಿನ ಬಸ್ಸಿನಲ್ಲಿ ಬರುವಾಗ ಫಕ್ರುನ್ನೀಸಾ ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ಉಪ್ಪು ಹಾಕೋದು ಹೇಳೀರೇನು ಆ ಹುಡುಗಿಗೆ?"

"ಉಪ್ಪು ಯಾಕ ಹೇಳ್ಬೇಕು? ಅದು ನಜರಿಗೆ."

"ನಜರಿಗೋ ಪಜರಿಗೋ, ಬೀಳೋದು ಒಲೆಯಾಗೇ ಅಲ್ರೀ!"

ಭಟ್ಟಿಯಲ್ಲಿ ಅವರದೊಂದು ಪದ್ಧತಿ. ಕಣ್ಣು ಬಿದ್ದ ಮಾರನೆಯ ಬೆಳಿಗ್ಗೆ, ಒಲೆ ಹೊತ್ತಿದ ಕೂಡಲೇ, ಒಂದು ಹಿಡಿ ಉಪ್ಪನ್ನು ಮೂರು ಸುತ್ತು ಇಳಿತೆಗೆದು ಬೆಂಕಿಗೆ ಎಸೆಯುವುದು. ಅದು ಚಟಪಟ ಅಂದರೆ ಕೆಟ್ಟ ಕಣ್ಣು ಸಿಡಿಯಿತು ಎಂದರ್ಥ. ಊರೆಲ್ಲ ಬಂದು ಹೊಗಳಿದ ಮೇಲೆ ಹಯಾತ್ ಸಾಬರಿಗೆ ದಿಗಿಲು ಹತ್ತಿತ್ತು. ಅಂದಿನಿಂದ ದಿನವೂ ಒಂದು ಹಿಡಿ. ನೀರು ಸೋತ ಮೇಲೆ, ನಜರು ಬಲವಾಗಿದೆ ಎಂದು ಎರಡು ಹಿಡಿ!

"ಬಸ್ಸು ಇಳಿದು ಶೆಡ್ಡಿಗೆ ನಡೆಯೋವಾಗ ಜೇಬಿನಾಗಿನ ಉಪ್ಪು ಮುಟ್ಟಿ ಮುಟ್ಟಿ ನೋಡಿದೆ," ಎಂದು ಈಗ ನೆನೆಯುತ್ತಾರೆ. "ಒಂಬತ್ತು ಜನರ ಅನ್ನಕ್ಕೆ ನಾನೇ ಉಪ್ಪು ಸುರಿದೆನಲ್ಲ. ಹೇಳಲೋ ಬ್ಯಾಡವೋ ಅನ್ನಿಸ್ತು. ಸುಮ್ನೆ ನಿಲ್ಲಿಸಿಬಿಟ್ರೆ ಯಾರಿಗೆ ಗೊತ್ತಾಗ್ತೈತೆ? ಆದ್ರೆ ಆ ಹುಡುಗಿ ತನ್ನದೇ ತಪ್ಪು ಅಂತ ಕಣ್ಣೀರು ಹಾಕಿದ್ದು ನೋಡಿದ್ದೆ. ಹೋಗಿ ಹೇಳಿಬಿಟ್ಟೆ."

ಮೀನಾಕ್ಷಿ ಬೈಯಲಿಲ್ಲ. ಹೊಟ್ಟಿನ ಚೀಲದ ಮೇಲೆ ದೊಪ್ಪನೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಪ್ಪು ಸೇರಿದರೆ ಬೂದಿ ಕಡಿಮೆ ಶಾಖಕ್ಕೇ ಕರಗಿ, ಗೂಡುಗಳು ಮುಚ್ಚಿಹೋಗುತ್ತವೆ ಎಂದು ಆಮೇಲೆ ಬಿಡಿಸಿ ಹೇಳಿದರು. ಅದೇ ದಿನ ಒಲೆಯನ್ನು ಕೆರೆದು ತೊಳೆದರು. ಮಾರನೆಯ ಮಧ್ಯಾಹ್ನ ಜರಡಿಯಿಂದ ಮತ್ತೆ ಹಾಲಿನಂಥ ಬೂದಿ ಇಳಿಯಿತು. ಹದಿನಾಲ್ಕನೆಯ ದಿನ ವಾಮದೇವಪ್ಪ ನೀರಿನ ಸೀಸೆಯನ್ನು ಬಿಸಿಲಿಗೆ ಹಿಡಿದು, "ಇದ್ರಾಗ ನೀಲಿ ಎಲ್ಲೈತೆ, ಹುಡುಕ್ರಿ ನೋಡಾನ," ಎಂದು ಶೆಡ್ಡಿನ ತುಂಬ ತಿರುಗಾಡಿದರು. ನೀರು ಪರೀಕ್ಷೆಯಲ್ಲಿ ಗೆದ್ದಿತು. ನೋಟಿಸು ವಾಪಸಾಯಿತು.

"ಅವತ್ತು ಸಂಜೆ ಬಸ್ಸಿನಾಗ ಇವ್ರಿಗೆ ಎಂಥ ನಿದ್ದಿ ಅಂತೀರಿ," ಫಕ್ರುನ್ನೀಸಾ ನೀಲಿಗಟ್ಟಿದ ಬೆರಳುಗಳಿಂದ ಸೆರಗು ಸರಿಪಡಿಸಿಕೊಳ್ಳುತ್ತಾರೆ. "ಹದಿನೈದು ದಿನದ್ದು ಒಮ್ಮೆಗೇ. ಇಳಿಯೋ ಸ್ಟಾಪು ದಾಟಿದ್ರೂ ಎಬ್ಬಿಸಲಿಲ್ಲ. ಮಲಗಲಿ ಅಂತ ನಾನೂ ಕೂತೆ."

ಶೆಡ್ಡಿನಲ್ಲಿ ಈಗಲೂ ಹಯಾತ್ ಸಾಬರನ್ನು ಛೇಡಿಸದೆ ಬಿಡುವುದಿಲ್ಲ. ಊಟದ ಹೊತ್ತಿಗೆ ಯಾರಾದರೂ ಡಬ್ಬಿ ತೆರೆದು, "ಸಾಬ್ರೆ, ಸಾರಿಗೆ ಉಪ್ಪು ಕಡಿಮೆ ಆಗೈತೆ, ಜೇಬು ನೋಡ್ರಿ," ಎನ್ನುತ್ತಾರೆ. ಅವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಕೆಟ್ಟ ಕಣ್ಣಿನ ಭಯ ಹೋಗಿದೆಯೇ? ಪೂರ್ತಿ ಇಲ್ಲ. ಈಗ ಉಪ್ಪಿನ ಪೊಟ್ಟಣ ಹೆಂಡತಿಯ ಚೀಲದಲ್ಲಿದೆ. ಯಾರಾದರೂ ಹೊಗಳಿ ಹೋದ ದಿನ ಫಕ್ರುನ್ನೀಸಾ ಗಂಡನಿಗೇ ಇಳಿತೆಗೆದು, ಉಪ್ಪನ್ನು ಗೇಟಿನಾಚೆ ರಸ್ತೆಗೆ ಎಸೆದು ಬರುತ್ತಾರೆ.

ಅವರ ಬೂದಿಯ ಒಂದು ಸೀಸೆ ಈಗ ಕಾಲೇಜಿನ ಗಾಜಿನ ಬೀರುವಿನಲ್ಲಿದೆ. ಅದರ ಮೇಲೆ ಅಂಟಿಸುವ ಚೀಟಿಯಲ್ಲಿ ನಿಮ್ಮ ಹೆಸರು ಬರೆಯುತ್ತೇನೆ ಎಂದು ಮೀನಾಕ್ಷಿ ಹೇಳಿದಾಗ ಹಯಾತ್ ಸಾಬ್ ಒಪ್ಪಲಿಲ್ಲ. ಅವರದು ಬೇರೆಯೇ ಆಸೆ.

"ನನ್ನ ಹೆಸರು ಬ್ಯಾಡ ತಾಯಿ, ನಾಳೆ ಯಾರೋ ಒಬ್ರು ಇದನ್ನ ನೋಡಿ ಒಲೆ ಕಟ್ತಾರೆ. ಅವ್ರೂ ನಮ್ಮಂಗೇ ಮನುಷ್ಯರು, ಅಂಜಿಕಿ ಇರ್ತೈತೆ," ಅವರು ಜರಡಿಯಂಚಿಗೆ ಮೆಲ್ಲಗೆ ತಟ್ಟುತ್ತಾರೆ. ಬಿಳಿ ಬೂದಿ ಸದ್ದಿಲ್ಲದೆ ಇಳಿಯುತ್ತದೆ. "ಉಪ್ಪು ಹಾಕಬ್ಯಾಡ್ರಿ ಅಂತ ಬರಿ. ದೊಡ್ಡ ಅಕ್ಷರದಾಗ."