ಅಂಚೆಗೆ ಬೀಳದ ಅರ್ಜಿ

ಎಂಟು ದಿನ ನಾನೊಂದು ಕಳ್ಳತನ ಮಾಡಿದೆ. ಮೂವತ್ತು ವರ್ಷ ಹುಡುಗರಿಗೆ ನೀತಿಪಾಠ ಹೇಳಿ, ಈಗ ಹುಣಸೂರಿನಲ್ಲಿ ಪೆನ್ಷನ್ ತೆಗೆದುಕೊಂಡು ಕೂತಿರುವ ಮೇಷ್ಟ್ರು ಮಾಡಿದ ಕಳ್ಳತನ! ಕದ್ದದ್ದು ದುಡ್ಡಲ್ಲ, ಒಂದು ಲಕೋಟೆ.

ಲಕೋಟೆ ಚೆನ್ನಾಜಮ್ಮನದು. (ನಿಜವಾದ ಹೆಸರು ಬೇರೆ. "ಬರ್ಕಳಿ ಮೇಷ್ಟ್ರೇ, ನನ್ನೆಸ್ರು ಮಾತ್ರ ಬ್ಯಾಡ" ಎಂದು ಆಕೆಯೇ ಹೇಳಿದ್ದಾಳೆ.) ಹನಗೋಡಿನ ಕಡೆಯ ಒಂದು ಹಳ್ಳಿಯಲ್ಲಿ ಮಿಡ್‌ವೈಫ್. ಊರವರ ಬಾಯಲ್ಲಿ ನರ್ಸಮ್ಮ. ಒಂದು ಕಾಲಕ್ಕೆ ನನ್ನ ಶಿಷ್ಯೆ. ಗಂಡ ತೀರಿಕೊಂಡ ಮೇಲೆ ಮೈಸೂರಿಗೆ ಹೋಗಿ ಟ್ರೈನಿಂಗ್ ಮುಗಿಸಿ ಬಂದವಳು. ಹೋದ ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ತುಂಬಿ ಹರಿಯುತ್ತಿದ್ದಾಗ, ಒಲ್ಲೆನೆಂದ ಹರಿಗೋಲಿನವನನ್ನು ಬೈದು ಹೊರಡಿಸಿ, ಆಚೆ ದಡದ ಒಬ್ಬ ಬಸುರಿಯನ್ನೂ ಕೂಸನ್ನೂ ಉಳಿಸಿದವಳು.

ಒಂದು ಸಂತೆಯ ದಿನ ಆಕೆ ನಮ್ಮ ಮನೆಗೆ ಬಂದಳು.

"ಮೇಷ್ಟ್ರೇ, ಕೊಡಗಲ್ಲಿ ಕಾಫಿ ಎಸ್ಟೇಟಿನ ಆಸ್ಪತ್ರೇಲಿ ಕೆಲ್ಸ ಖಾಲಿ ಐತಂತೆ. ಸಂಬ್ಳ ಇಲ್ಲಿಗಿಂತ ಎರಡರಷ್ಟು. ಇರಾಕೆ ಮನೇನೂ ಕೊಡ್ತಾರಂತೆ. ಇಂಗ್ಲೀಷಲ್ಲಿ ಒಂದು ಅರ್ಜಿ, ಅಂಗೇ ನಿಮ್ದೊಂದು ಟೆಸ್ಟಿಮೋನಿಯಲ್ಲು ಬರ್ದು ಪೋಸ್ಟಿಗೆ ಆಕ್ಬುಡಿ."

ಬರೆದೆ. ಚೆನ್ನಾಗಿಯೇ ಬರೆದೆ. ಆಕೆ ಸಹಿ ಮಾಡಿ ನೆಮ್ಮದಿಯಿಂದ ಹೊರಟಳು. ಅಂಚೆ ಪೆಟ್ಟಿಗೆ ನಮ್ಮ ಮನೆಯಿಂದ ನೂರು ಹೆಜ್ಜೆ. ಆ ನೂರು ಹೆಜ್ಜೆ ನನ್ನಿಂದ ಇಡಲಾಗಲಿಲ್ಲ.

ಯಾಕೆ? ಇವಳೂ ಹೋದರೆ ಆ ಸುತ್ತಿನ ಹತ್ತು ಹಳ್ಳಿಗಳ ಹೆಂಗಸರ ಗತಿ ಏನು? ದುಡ್ಡು ಇವತ್ತು ಬಂದು ನಾಳೆ ಹೋಗುವಂಥದ್ದು. ಇಂಥ ಕೆಲಸದ ತೃಪ್ತಿ ಬೇರೆ ಕಡೆ ಸಿಗುತ್ತದೆಯೇ? ಇದನ್ನೇ ಈ ಅಂಕಣದಲ್ಲಿ ತರುಣರಿಗೆ ಎಷ್ಟು ಸಲ ಬರೆದಿದ್ದೇನೋ! (ಓದಿ ಓದಿ ನಿಮಗೂ ಬೇಸರ ಬಂದಿರಬೇಕು.) ನಾಲ್ಕು ದಿನ ತಡವಾದರೆ ಆಕೆಯ ಮನಸ್ಸೇ ಬದಲಾದೀತು ಅಂದುಕೊಂಡೆ. ಲಕೋಟೆಯನ್ನು ಮೇಜಿನ ಡ್ರಾಯರಿನಲ್ಲಿ, ಪಂಚಾಂಗದ ಕೆಳಗೆ ಇಟ್ಟೆ.

ಎಂಟನೆಯ ದಿನ ನನ್ನ ಹೆಂಡತಿ ಏಕಾದಶಿ ಯಾವತ್ತೆಂದು ನೋಡಲು ಪಂಚಾಂಗ ತೆಗೆದಳು.

"ಇದೇನ್ರೀ? ಚೆನ್ನಾಜಿ ಕಾಗ್ದ ಇನ್ನೂ ಇಲ್ಲೇ ಅದೆ!"

ನಾನು ಸೇವೆ, ಆತ್ಮತೃಪ್ತಿ ಎಂದು ದೊಡ್ಡದಾಗಿ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ಕಣ್ರೀ, ನಿಮಗೆ ಹೆಡ್‌ಮಾಸ್ಟರ್ ಕೆಲ್ಸ ಸಿಕ್ದಾಗ ಕೋಟೆ ಸ್ಕೂಲಿನ ಮಕ್ಳು ನಮ್ಮ ಗಾಡಿ ಹಿಂದೆ ಅಳ್ತಾ ಬಂದ್ವಲ್ಲ, ಗಾಡಿ ನಿಲ್ಸಿದ್ರಾ?"

ನಿಲ್ಲಿಸಿರಲಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಪಾಠ ಹೇಳಿದಷ್ಟು ಸಂತೋಷವಾಗಿ ನಾನು ಬೇರೆಲ್ಲೂ ಹೇಳಿಲ್ಲ. ಆದರೂ ಹೊರಟೆ. ಚಳಿಜ್ವರದ ಊರು, ಮಕ್ಕಳ ಓದು, ಹೆಚ್ಚಿನ ಸಂಬಳ... ನನಗೆ ನನ್ನ ಕಾರಣಗಳಿದ್ದವು. ಯಾರೂ ನನ್ನನ್ನು ಆಸೆಬುರುಕ ಎನ್ನಲಿಲ್ಲ. "ಮೇಷ್ಟ್ರು ಮುಂದಕ್ಕೆ ಬಂದ್ರು" ಎಂದರು. ಚೆನ್ನಾಜಮ್ಮ ಮುಂದಕ್ಕೆ ಹೋಗಬಾರದು ಎನ್ನಲು ನಾನು ಯಾರು?

ತಕ್ಷಣ ಎದ್ದು ಲಕೋಟೆಯನ್ನು ಅಂಚೆಗೆ ಹಾಕಿದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಆಕೆಯ ಹಳ್ಳಿಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿದೆ.

ಚೆನ್ನಾಜಮ್ಮ ಜಗಲಿಯ ಮೇಲೆ ಕೂತು, ಕುದಿಸಿದ ಕತ್ತರಿಗಳನ್ನು ಒರೆಸಿಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದುಡ್ಡಿನ ಹಿಂದೆ ಓಡ್ತಾವ್ಳೆ ಅಂದ್ಕಂಡ್ರಾ ಮೇಷ್ಟ್ರೇ?" ಎಂದಳು. "ದುಡ್ಡೂ ಬೇಕು ಕಣ್ರೀ, ಇಲ್ಲ ಅನ್ನಕಿಲ್ಲ. ಮಗ್ಳು ಮೈಸೂರಲ್ಲಿ ಓದ್ತಾವ್ಳೆ. ಆದ್ರೆ ಆ ಎಸ್ಟೇಟಲ್ಲಿ ಒಬ್ರು ಡಾಕ್ಟ್ರಮ್ಮ ಅವ್ರೆ. ಇಲ್ಲಿ ಕೂಸು ಅಡ್ಡ ತಿರುಗುದ್ರೆ ನಾನೊಬ್ಳೇ, ಕೇಳಾಕೆ ಯಾರವ್ರೆ? ಈ ವರ್ಷ ಎರಡು ಕೂಸು ನನ್ನ ಕೈಯಲ್ಲೇ ಹೋದ್ವು. ಅವ್ರ ಜೊತೇಲಿ ಎರಡು ವರ್ಷ ಇದ್ದು, ಕಲ್ತ್ಕಂಡು ವಾಪಸ್ ಬಂದ್ಬುಡವ ಅಂತಿದ್ದೆ."

ದುಡ್ಡೋ ತೃಪ್ತಿಯೋ ಎಂದು ನಾನು ಎಂಟು ದಿನ ತೂಗುತ್ತ ಕೂತಿದ್ದೆ. ಆಕೆಯ ಅರ್ಜಿಯಲ್ಲಿ ಎರಡೂ ಒಟ್ಟಿಗೇ ಇದ್ದವು. ಯಾತಕ್ಕೆ ಹೋಗುತ್ತೀಯಮ್ಮ ಎಂದು ನಾನು ಬಾಯಿಬಿಟ್ಟು ಕೇಳಿರಲೇ ಇಲ್ಲ!

"ಇನ್ನೊಂದು ಮಾತು ಮೇಷ್ಟ್ರೇ," ಎಂದಳು, ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ. "ನಮಗೆ ಕೆಲ್ಸ ಇಷ್ಟ ಅಂತ ಗೊತ್ತಾದ್ರೆ ಸಾಕು, ಜನ ಒಂದು ಸೇರು ರಾಗಿ ಕೊಡಾದೂ ಮರ್ತ್ಬುಡ್ತಾರೆ."

ಹದಿನೈದು ದಿನಕ್ಕೆ ಎಸ್ಟೇಟಿನಿಂದ ಉತ್ತರ ಬಂತು. ಮಂಗಳೂರಿನ ಕಡೆಯ ನರ್ಸೊಬ್ಬರು ಆಗಲೇ ಕೆಲಸಕ್ಕೆ ಸೇರಿಯಾಗಿತ್ತು. ನಿಮ್ಮ ಅರ್ಜಿ ಒಂದು ವಾರ ಮುಂಚೆ ಬಂದಿದ್ದರೆ ಖಂಡಿತ ಪರಿಶೀಲಿಸುತ್ತಿದ್ದೆವು ಎಂದು ಮರ್ಯಾದೆಯಿಂದಲೇ ಬರೆದಿದ್ದರು. ಆ ಕಾಗದವನ್ನು ಆಕೆಯ ಮುಂದೆ ನಾನೇ ಓದಿ ಹೇಳಿದೆ. ಚೆನ್ನಾಜಮ್ಮ ಅದನ್ನು ಇಸಿದುಕೊಂಡು ಮಡಿಸಿ ಚೀಲಕ್ಕೆ ಹಾಕಿದಳು. "ಪಕ್ಕದಳ್ಳೀಲಿ ನೋವು ಸುರುವಾಗೈತಂತೆ, ಬತ್ತೀನಿ" ಎಂದು ಕೊಡೆ ತೆಗೆದುಕೊಂಡು ಬಿಸಿಲಿಗಿಳಿದಳು.

ಅಂದಿನಿಂದ ಕೊಡಗಿನ ಇನ್ನೂ ಮೂರು ಎಸ್ಟೇಟುಗಳಿಗೆ ಆಕೆಯ ಪರವಾಗಿ ಬರೆದಿದ್ದೇನೆ. ಆಕೆಯನ್ನು ಕೇಳಿಯೇ ಬರೆದದ್ದು. ಉತ್ತರ ಬಂದಿಲ್ಲ.

ಮೊನ್ನೆ ಆ ಊರಿನ ಪಟೇಲರು ನಮ್ಮ ಮನೆಗೆ ಬಂದಿದ್ದರು. ನರ್ಸಮ್ಮ ಎಸ್ಟೇಟಿನ ಕೆಲಸಕ್ಕೆ ಹೋಗದೆ ಊರಲ್ಲೇ ಉಳಿದಳಲ್ಲ, ಅಂಥ ತ್ಯಾಗಕ್ಕೆ ಒಂದು ಶಾಲು ಹೊದಿಸಿ ಹಾರ ಹಾಕಬೇಕಂತೆ. ಭಾಷಣ ನನ್ನದು! ನಾನು ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಶಾಲು ಬೇಡ, ಊರಿನವರೆಲ್ಲ ಸೇರಿ ಆಕೆಗೆ ತಿಂಗಳು ತಿಂಗಳು ಏನಾದರೂ ಹೆಚ್ಚಿಗೆ ಕೊಡುವ ಏರ್ಪಾಡು ಮಾಡಿ ಎಂದೆ.

ಪಟೇಲರು ನಕ್ಕರು. "ಬುಡಿ ಮೇಷ್ಟ್ರೇ, ಆಯಮ್ಮ ದುಡ್ಡಿಗೆ ಆಸೆ ಪಡೋರಲ್ಲ."

ಅಲ್ಲ ಸ್ವಾಮಿ, ಆಕೆಯನ್ನು ಕೇಳಿದವರು ಯಾರು?