ಸಿರಿಲ್ ರಾಮ್ಸ್‌ಡೆನ್ ಮರೆತ ಮಾತು

ಸಿರಿಲ್ ರಾಮ್ಸ್‌ಡೆನ್ ನಮ್ಮ ರಾಚ್‌ಡೇಲ್ ಊರಿನ ನಾಟಕ ಕಂಪನಿಯಲ್ಲಿ ಇಪ್ಪತ್ತಮೂರು ವರ್ಷ ಪಾತ್ರ ಮಾಡಿದರು. ಅವರ ಅಪ್ಪ ಅಮ್ಮ ಇಬ್ಬರೂ ಹತ್ತಿ ಗಿರಣಿಯ ಕೆಲಸಗಾರರು. ಕಂಪನಿ ವಾರಕ್ಕೊಂದು ಹೊಸ ನಾಟಕ ಆಡುತ್ತಿತ್ತು. ಸಂಜೆ ಈ ವಾರದ ನಾಟಕ, ಬೆಳಿಗ್ಗೆ ಮುಂದಿನ ವಾರದ್ದರ ತಾಲೀಮು, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಬಾಯಿಪಾಠ. ಪೊಲೀಸು, ಪಾದ್ರಿ, ಡಾಕ್ಟರು, ಮೊದಲ ಅಂಕದಲ್ಲೇ ಕೊಲೆಯಾಗುವ ಚಿಕ್ಕಪ್ಪ, ಇಂಥವೇ ಅವರಿಗೆ ಸಿಗುತ್ತಿದ್ದದ್ದು.

ಹೆಂಡತಿ ವಿನಿ ಅಲ್ಲೇ ಪ್ರಾಂಪ್ಟರ್. ರಂಗದ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಯಾರಾದರೂ ಮಾತು ಮರೆತರೆ ಪುಸ್ತಕ ನೋಡಿ ಮೆಲ್ಲಗೆ ಎತ್ತಿಕೊಡುವುದು ಅವರ ಕೆಲಸ. ಕಷ್ಟ ಏನೆಂದರೆ, ನಟ ಬೇಕೆಂದೇ ಸುಮ್ಮನಾದನೋ ಮರೆತು ಸುಮ್ಮನಾದನೋ ತಿಳಿಯಬೇಕು. ಬೇಕೆಂದು ನಿಂತವನಿಗೆ ಎತ್ತಿಕೊಟ್ಟರೆ ಸಭೆಯ ಮುಂದೆ ಅವನ ಮಾನ ಹೋಗುತ್ತದೆ. ವಿನಿ ಸಿರಿಲ್ ವಿಷಯದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಅವರು ಉಸಿರೆಳೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತಂತೆ.

1961ರ ಫೆಬ್ರವರಿಯಲ್ಲಿ ವಿನಿ ನ್ಯುಮೋನಿಯಾದಿಂದ ತೀರಿಕೊಂಡರು. ಮಂಗಳವಾರ ಮಧ್ಯಾಹ್ನ ಮಣ್ಣು ಮಾಡಿದರು. ಅದೇ ಸಂಜೆ ಸಿರಿಲ್ ಪಾದ್ರಿಯ ವೇಷ ಹಾಕಿದರು. ವಿನಿಯ ಸ್ಟೂಲಿಗೆ ಬಂದವರು ಈಗ ನಮ್ಮ ಪಕ್ಕದ ಮನೆಯಲ್ಲಿರುವ ಮೇವಿಸ್. ಸಿರಿಲ್ ಅತ್ತರೇ ಎಂದು ಅವರನ್ನು ಕೇಳಿದೆ. "ಇಲ್ಲಪ್ಪ. ಬಣ್ಣ ಎರಡೂ ಕೆನ್ನೆಗೆ ಒಂದೇ ಸಮ ಇದೆಯಾ ಅಂತ ಕೇಳಿದ್ರು. ಇದೆ ಅಂದೆ. ಸ್ಟೇಜಿಗೆ ಹೋದ್ರು." ಮುಂದಿನದೂ ಮೇವಿಸ್ ಕಂಡದ್ದೇ. ಅವರು ಕಾಣದ್ದನ್ನು ನಾನು ಸೇರಿಸಿಲ್ಲ.

ಆಮೇಲೆ ಸಿರಿಲ್ ಮಾತು ಮರೆಯತೊಡಗಿದರು. ಮೇವಿಸ್ ಎತ್ತಿಕೊಟ್ಟು ಎತ್ತಿಕೊಟ್ಟು, ಒಂದು ಸಂಜೆ ಸಿರಿಲ್ ಬೇಕೆಂದೇ ಸುಮ್ಮನಿದ್ದಾಗಲೂ ಎತ್ತಿಕೊಟ್ಟುಬಿಟ್ಟರು. ಸಭೆ ನಕ್ಕಿತು. ಪರದೆ ಬಿದ್ದ ಮೇಲೆ ಮ್ಯಾನೇಜರ್ ಹಾರ್ಗ್ರೀವ್ಸ್ ಬಂದರು.

"ಏನಮ್ಮಾ ಮೇವಿಸ್, ಸ್ಟೇಜ್ ಮೇಲೆ ಮಗಳು ಸಾಯ್ತಿದಾಳೆ, ಅವನು ಮುಖ ನೋಡ್ತಾ ನಿಂತಿದಾನೆ, ನೀನು ಬಸ್ ಕಂಡಕ್ಟರ್ ಥರ ಕೂಗ್ತೀಯಲ್ಲ!"

"ಮರೆತ್ರು ಅಂದ್ಕೊಂಡೆ ಸಾರ್."

"ನೀನೇನೂ ಅಂದ್ಕೋಬೇಡ ತಾಯಿ. ಅವನಾಗಿ ನಿನ್ ಕಡೆ ತಿರುಗಿ ನೋಡೋವರೆಗೂ ಬಾಯಿ ಬಿಡಬೇಡ." ಆಮೇಲೆ ಸಿರಿಲ್ ಕಡೆ ತಿರುಗಿದರು. "ನೀನೂ ಕೇಳಯ್ಯಾ. ಇನ್ನೊಂದ್ ಸಲ ಆ ಕಡೆ ಕತ್ತು ಹೊರಳಿಸಿದ್ಯೋ, ಬಣ್ಣ ತೊಳ್ಕೊಂಡು ಟಿಕೆಟ್ ಕಿಟಕೀಲಿ ಕೂರು."

ಸಿರಿಲ್ "ಸರಿ" ಎಂದು ಕೈಯಲ್ಲಿದ್ದ ಮಾಂಸದ ಕಡುಬು ತಿನ್ನುವುದನ್ನು ಮುಂದುವರಿಸಿದರು.

ಮುಂದಿನ ಸೋಮವಾರ ಹೊಸ ನಾಟಕ. ಮನೆಯಿಂದ ಓಡಿಸಿದ್ದ ಮಗ ಒಂಬತ್ತು ವರ್ಷದ ಮೇಲೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅಪ್ಪನಾಗಿ ಸಿರಿಲ್ ಹೇಳಬೇಕಾದದ್ದು ಇಷ್ಟೆ: "ಒಳಗೆ ಬಾ. ಟೀ ಆರ್ತಿದೆ."

ಸಿರಿಲ್‌ಗೆ ಅದು ಬರಲಿಲ್ಲ. ಮೇವಿಸ್ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಸಿರಿಲ್ ಈ ಕಡೆ ನೋಡಲಿಲ್ಲ, ಇವರು ಬಾಯಿ ಬಿಡಲಿಲ್ಲ. ಮಗನ ಪಾತ್ರದ ಲೆನ್ ಎಂಬ ಹುಡುಗ ಚೀಲ ಹಿಡಿದು ಬೆವರುತ್ತಾ ನಿಂತಿದ್ದ. ಕೊನೆಗೆ ತಾನಾಗಿಯೇ ಒಳಗೆ ಬಂದು, ಕೂತು, ಟೀ ಕುಡಿದ. ಸಭೆಯಲ್ಲಿ ಯಾರೋ ಬಿಕ್ಕಿದರು. ಆಮೇಲೆ ಚಪ್ಪಾಳೆ.

ಹಾರ್ಗ್ರೀವ್ಸ್ ಓಡಿಬಂದರು. "ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ!"

"ನಾನು ಮರೆತೆ."

"ಹೌದ್ಹೌದು, ಮರೆತೆ! ನಾಳೇನೂ ಹಾಗೇ ಮರಿ."

ಮಾರನೇ ದಿನ ಮಾತು ನೆನಪಾಯಿತು. ಮೇವಿಸ್‌ಗೆ ಸಿರಿಲ್ ತುಟಿ ಅಲುಗಿದ್ದು ಕಾಣಿಸಿತು. ಆದರೂ ಅವರು ಸುಮ್ಮನೆ ನಿಂತರು. ಬುಧವಾರವೂ ಹಾಗೆಯೇ. ಶನಿವಾರ ಲಂಡನ್ನಿನಿಂದ ಒಬ್ಬ ಸಿನಿಮಾದವನು ನೋಡಲು ಬಂದ. ಆಟ ಮುಗಿದ ಮೇಲೆ ಒಳಗೆ ಬಂದು ಒಂದು ಪಾತ್ರ ಕೊಡುತ್ತೇನೆಂದ.

"ಮಾತು ಎಷ್ಟಿದೆ?" ಎಂದು ಸಿರಿಲ್ ಕೇಳಿದರು.

"ಒಂದೂ ಇಲ್ಲ ಸಾರ್. ನಿಮಗೆ ಮಾತು ಯಾಕೆ ಬೇಕು? ಆ ಮುಖ ಸಾಕು."

"ಪ್ರಾಂಪ್ಟರ್ ಇರ್ತಾರಾ?"

"ಮಾತೇ ಇಲ್ಲದ ಮೇಲೆ ಪ್ರಾಂಪ್ಟರ್ ಏನ್ ಮಾಡ್ತಾರೆ?" ಅವನು ನಕ್ಕ. ಸಿರಿಲ್ ಪೆನ್ನು ಕೇಳಿ ಸಹಿ ಮಾಡಿದರು.

ಆಮೇಲೆ ಅವರು ನಾಟಕ ಆಡಲಿಲ್ಲ. ಹದಿನೇಳು ವರ್ಷಗಳಲ್ಲಿ ಹನ್ನೊಂದು ಚಿತ್ರ: ರೈಲು ನಿಲ್ದಾಣದ ಬೆಂಚಿನ ಮುದುಕ, ಕೋರ್ಟಿನಲ್ಲಿ ಕೂತವನು, ಎರಡು ಸಲ ಹೆಣ. 1978ರಲ್ಲಿ ತೀರಿಕೊಂಡರು. ಆ ಹನ್ನೊಂದರಲ್ಲಿ ಒಂಬತ್ತನ್ನು ನಾನು ನೋಡಿದ್ದೇನೆ. ಅವರ ದನಿ ಹೇಗಿತ್ತೆಂದು ನನಗೆ ತಿಳಿಯದು.