ಬಳೆ ತೆಗೆಯುವ ಕೋಣೆ

ವಿಟ್ಲದ ಸಹಕಾರಿ ಬ್ಯಾಂಕೊಂದರ ಹೊಸ ಶಾಖೆಗೆ ನಕ್ಷೆ ಬರೆದವಳು ನಾನು. ಊರಿನವರು ತಮ್ಮದೆಂದು ಬಂದು ಕೂರುವಂಥ ಕಟ್ಟಡ ಬೇಕು ಎಂದಿದ್ದರು ನಿರ್ದೇಶಕರು. ಬೀದಿಯ ಕಡೆಗೆ ಪೂರ್ತಿ ಗಾಜು ಹಾಕಿದೆ. ಮುಂದೆ ಉದ್ದದ ಜಗಲಿ, ಬಸ್ಸು ಕಾಯುವವರಿಗೂ ಬೆಂಚು, ಕುಡಿಯುವ ನೀರು. ಮುಚ್ಚುಮರೆಯಿಲ್ಲದ ಬ್ಯಾಂಕು ಎಂದು ನಾನೇ ಹೇಳಿಕೊಂಡು ಬೀಗಿದೆ. ಕೆಲಸದಲ್ಲಿ ನನಗೆ ಅಳುಕು ಕಡಿಮೆ. ಮೂಡುಬಿದಿರೆಯ ನನ್ನ ಕಚೇರಿಯಲ್ಲಿ ಇದನ್ನು ಸೊಕ್ಕು ಎನ್ನುವವರೂ ಇದ್ದಾರೆ.

ರಟ್ಟಿನ ಮಾದರಿಯನ್ನು ಹಳೆಯ ಶಾಖೆಯ ಮೇಜಿನ ಮೇಲಿಟ್ಟಾಗ ಎಲ್ಲರೂ ಹೊಗಳಿದರು. ಚಹಾ ತಂದ ಅಟೆಂಡರ್ ಹೆಂಗಸು ಮಾತ್ರ ಬಗ್ಗಿ ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಚಿನ್ನ ಅಡವಿಡ್ಲಿಕ್ಕೆ ಬಂದವರು ಬಳೆ ತೆಗೆಯುವುದು ಎಲ್ಲಿ ಮೇಡಂ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೌಂಟರಿನಲ್ಲಿ ತೆಗೆಯಲಿ, ಅದಕ್ಕೇನು ಮುಹೂರ್ತ ನೋಡಬೇಕೇ ಎಂದು ಸಿಡುಕಿದೆ. ಅವರು ನನ್ನನ್ನು ಕಡತಗಳ ಕಪಾಟಿನ ಹಿಂದೆ ಕರೆದುಕೊಂಡು ಹೋದರು. ಅಲ್ಲೊಂದು ಬಕೆಟ್ ನೀರು, ಒಂದು ತುಂಡು ಸಾಬೂನು. ವರ್ಷಗಟ್ಟಲೆ ಕೈಯಲ್ಲಿದ್ದ ಬಳೆ ಸುಲಭಕ್ಕೆ ಜಾರುವುದಿಲ್ಲ. ಸಾಬೂನು ಹಚ್ಚಿ ಇವರೇ ಎಳೆದುಕೊಡುತ್ತಾರಂತೆ. ಎಷ್ಟೋ ಮಂದಿ ಅಲ್ಲೇ ಅಳುತ್ತಾರಂತೆ. ನನ್ನ ನಕ್ಷೆಯ ಪ್ರಕಾರ ಆ ಅಳುವನ್ನು ಬಸ್ ಸ್ಟ್ಯಾಂಡಿನಿಂದಲೇ ನೋಡಬಹುದಿತ್ತು. ನಾನೂ ಬಳೆ ತೊಟ್ಟವಳೇ, ಥತ್! ನಾಚಿಕೆಯಾಯಿತು.

ಗಾಜಿನ ಒಂದು ಪಾಲು ತೆಗೆದು ಕೆಂಪು ಕಲ್ಲಿನ ಗೋಡೆ ಎಬ್ಬಿಸಿ ಒಂದು ಕೋಣೆ ಬರೆದೆ. ಒಳಗೆ ಕೈತೊಳೆಯುವ ತೊಟ್ಟಿ, ಕುರ್ಚಿ, ಚಿನ್ನ ಪರೀಕ್ಷಿಸುವವರ ಮೇಜು. ಕೋಣೆಗೆಂದು ಬೇರೆ ಬಾಗಿಲಿಡದೆ, ಎಲ್ಲ ಕೆಲಸದವರೂ ಆ ಗೋಡೆಯ ಒಂದೇ ಬಾಗಿಲಿನಿಂದ ಬ್ಯಾಂಕಿನೊಳಗೆ ಹೋಗುವ ಹಾಗೆ ಮಾಡಿದೆ. ಯಾರು ಯಾತಕ್ಕೆ ಹೋದರೆಂದು ಜಗಲಿಯವರಿಗೆ ತಿಳಿಯಬಾರದು. ಅಧ್ಯಕ್ಷರು ಮುಖ ಗಂಟಿಕ್ಕಿ, ಈಗಿನ ಕಾಲದ ಬ್ಯಾಂಕಿಗೆ ಕಲ್ಲುಗೋಡೆ ಯಾಕೆ, ಮುಂಭಾಗದ ಅಂದವೇ ಹೋಯಿತು ಎಂದರು.

"ಕೋಣೆ ಉಂಟಾದರೆ ನಾನಿದ್ದೇನೆ," ಎಂದೆ. "ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ."

ಎರಡು ವಾರ ಫೋನಿಲ್ಲ. ಮೂರನೆಯ ವಾರ, ಕೆಂಪು ಕಲ್ಲಿಗೆ ಎಲ್ಲಿ ಹೇಳುವುದು ಎಂದು ಅವರೇ ಕೇಳಿದರು.

ಶಾಖೆ ತೆರೆದ ಮೇಲೆ ಒಂದು ಬೆಳಿಗ್ಗೆ ಆ ಜಗಲಿಯಲ್ಲಿ ಕುಳಿತಿದ್ದೆ. ಒಬ್ಬಾಕೆ ಬಾಗಿಲು ದಾಟಿ ಹೊರಗೆ ಬಂದಳು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ತೊಳೆದು ಒರೆಸಿತ್ತು. ಬೆಂಚಿನಲ್ಲಿದ್ದ ಅವಳ ನೆರೆಮನೆಯವಳು ಏನು ಕೆಲಸ ಎಂದು ಕೇಳಿಯೇಬಿಟ್ಟಳು.

"ಪಾಸ್‌ಬುಕ್ ಎಂಟ್ರಿ ಮಾಡಿಸ್ಲಿಕ್ಕೆ ಬಂದದ್ದು," ಎಂದಳು ಅವಳು. ನೆರೆಮನೆಯವಳ ಪಕ್ಕದಲ್ಲೇ ಕುಳಿತು ಬಸ್ಸು ಬರುವವರೆಗೆ ಊರ ಸುದ್ದಿ ಮಾತಾಡಿದಳು.